ಮೂವತ್ತೊಂದು ಜನರ ರೇವಣಸಿದ್ದಪ್ಪನವರು

ರೇವಣಸಿದ್ದಪ್ಪನವರು ನಮ್ಮ ಮಹಡಿ ಮನೆ ನೋಡಲು ಬಂದ ದಿನ ನೀರಿನ ವಿಷಯ ಕೇಳಲಿಲ್ಲ, ಬಿಸಿಲು ಗಾಳಿ ವಿಚಾರಿಸಲಿಲ್ಲ. ಫೋನನ್ನು ಅಂಗೈಯಲ್ಲಿ ಹಿಡಿದು ಆ ಮೂಲೆಯಿಂದ ಈ ಮೂಲೆಗೆ ಓಡಾಡಿದರು. "ಇಲ್ಲಿ ಸಿಗ್ನಲ್ ಸಿಗುತ್ತೇನಮ್ಮ? ನನಗೆ ಮೂವತ್ತೊಂದು ಜನ ಇದ್ದಾರೆ" ಎಂದರು.

ನಾನು ಬಾಗಿಲಿಗೆ ಅಡ್ಡ ನಿಂತೆ. "ಮೂವತ್ತೊಂದು ಜನಾನಾ? ಇರೋದು ಎರಡೇ ರೂಮು ಸ್ವಾಮಿ. ಟ್ಯಾಂಕೂ ಸಣ್ಣದು."

ಅವರು ಜೋರಾಗಿ ನಕ್ಕರು. "ಯಾರೂ ಇಲ್ಲಿಗೆ ಬರಲ್ಲ ತಾಯಿ, ಹೆದರ್ಕೋಬೇಡಿ. ದಾವಣಗೆರೇಲಿ ನನ್ನ ಜೊತೆ ಡಿಪ್ಲೊಮಾ ಓದಿದೋರು. ಎಲ್ಲಾ ರಿಟೈರಾಗಿ ಒಂದೊಂದು ಊರಲ್ಲಿ ಕೂತಿದ್ದಾರೆ. ಫೋನ್ ಮಾಡ್ತೀನಿ, ಅಷ್ಟೇ."

ಅವರ ಕ್ಲಾಸಿನವರ ಸುದ್ದಿ ನಾನು ಮೊದಲು ಕೇಳಿದ್ದು ಹೀಗೆ. ನಾನು ಓದಿದ್ದು ಮೂರನೇ ಕ್ಲಾಸು, ಇದೇ ಜರಗನಹಳ್ಳಿಯಲ್ಲಿ. ಜೊತೆಗೆ ಕೂತಿದ್ದ ಹುಡುಗಿಯರ ಜಡೆಯ ಟೇಪಿನ ಬಣ್ಣ ಈಗಲೂ ಹೇಳಬಲ್ಲೆ. ಅವರನ್ನು ಯಾವ ಊರಿಗೆ ಕೊಟ್ಟರು, ಬದುಕಿದ್ದಾರೋ ಇಲ್ಲವೋ, ಅದು ಗೊತ್ತಿಲ್ಲ. ಎಪ್ಪತ್ತು ದಾಟಿದ ಗಂಡಸಿಗೆ ಇನ್ನೂ ಮೂವತ್ತೊಂದು ಜನ ಸ್ನೇಹಿತರೇ ಎಂದು ಆಶ್ಚರ್ಯವಾಯಿತು. ಮನೆ ಕೊಟ್ಟೆ.

ವಿದ್ಯುತ್ ಮಂಡಳಿಯಲ್ಲಿ ಎಂಜಿನಿಯರಾಗಿದ್ದವರು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಜ್ಯೋತ್ಸ್ನಾ ಕೋಣನಕುಂಟೆಯಲ್ಲಿದ್ದಳು, ಭಾನುವಾರ ಬಂದು ಹೋಗುತ್ತಿದ್ದಳು. ಉಳಿದ ದಿನ ಬೆಳಿಗ್ಗೆ ಹತ್ತೂವರೆಗೆ ಮೆಟ್ಟಿಲ ಮೇಲೆ ಕೂತು ಕ್ಲಾಸಿನ ರೋಲ್ ನಂಬರಿನ ಪ್ರಕಾರ ದಿನಕ್ಕೆ ಐದು ಜನಕ್ಕೆ ಫೋನ್ ಮಾಡುವರು. ಒಬ್ಬರಿಗೆ ಕಿವಿ ಕೇಳದು, ಇನ್ನೊಬ್ಬರಿಗೆ ಹೇಳಿದ್ದು ನೆನಪಿರದು. ಹೀಗಾಗಿ ಇವರ ಕೂಗು ಕನಕಪುರ ರಸ್ತೆಯ ಬಸ್ಸಿನ ಸದ್ದನ್ನೂ ಮೀರುತ್ತಿತ್ತು. "ಮಂಡಿ ನೋವು ಎಡಗಾಲಿಂದೋ ಬಲಗಾಲಿಂದೋ? ಹೋದ ವಾರ ಬಲಗಾಲು ಅಂದಿದ್ದೆಯಲ್ಲೋ, ಸುಳ್ಳಾ!" ಎನ್ನುವರು. ಒಳಗೆ ಅಕ್ಕಿ ಆರಿಸುತ್ತಾ ನಾನೂ ನಗುತ್ತಿದ್ದೆ. ವರ್ಷ ಕಳೆಯುವುದರಲ್ಲಿ ಯಾರ ಸೊಸೆ ಹೆತ್ತಳು, ಯಾರ ಕಣ್ಣಿಗೆ ಪೊರೆ ಬಂತು ಎಲ್ಲ ನನಗೂ ಬಾಯಿಪಾಠವಾಯಿತು.

ಆದರೆ ಎಷ್ಟು ದಿನ ಕೂಗಿಯಾರು? ಅವರಿಗೂ ಎದೆಯಲ್ಲಿ ಉಬ್ಬಸ ಶುರುವಾಯಿತು. "ಅಪ್ಪಾಜಿ, ಒಂದು ಸಲ ಬರೆದ್ರೆ ಎಲ್ಲರಿಗೂ ಮುಟ್ಟುತ್ತೆ" ಎಂದು ಜ್ಯೋತ್ಸ್ನಾ ಫೋನಿನಲ್ಲಿ ಎಲ್ಲರನ್ನೂ ಸೇರಿಸಿ ಒಂದು ಗ್ರೂಪ್ ಮಾಡಿಕೊಟ್ಟಳು. ಮೆಟ್ಟಿಲು ತಣ್ಣಗಾಯಿತು. ಮೊದಮೊದಲು ನನಗೂ ಹಾಯೆನಿಸಿತು. ಆಮೇಲೆ ನೋಡಿದರೆ ಅದರಲ್ಲಿ ಬರುತ್ತಿದ್ದುದು ಹೂವಿನ ಚಿತ್ರ, ಶುಭೋದಯ, ನಡುನಡುವೆ ಸಾವು. ಎರಡು ವರ್ಷದಲ್ಲಿ ಮೂವತ್ತೊಂದು ಇಪ್ಪತ್ತಾರಾಯಿತು.

ಕಳೆದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಅವರು ಅಳುತ್ತಾ ಕೆಳಗಿಳಿದು ಬಂದರು. ಫೋನ್ ತೋರಿಸಿದರು. ಗಿರಿನಗರದ ಸೋಮನಾಥ್ ಅವರ ಫೋಟೊ. ಹಾಸ್ಟೆಲಿನಲ್ಲಿ ಮೂರು ವರ್ಷ ಇವರ ರೂಮಿನಲ್ಲೇ ಇದ್ದ ಜೀವದ ಗೆಳೆಯ. ರೇವಣಸಿದ್ದಪ್ಪನವರ ಜನರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಕೂರಿಸಿ, ಹಣೆ ತುಂಬ ವಿಭೂತಿ ಬಳಿದು, ಹಾರ ಹಾಕುತ್ತಾರೆ. ಫೋಟೊದಲ್ಲಿ ಸೋಮನಾಥ್ ಹಾಗೆಯೇ ಕೂತಿದ್ದರು. ಕಣ್ಣು ಮುಚ್ಚಿತ್ತು. ಬಂದದ್ದು ಅವರ ನಂಬರಿನಿಂದಲೇ; ತೀರಿಕೊಂಡವರ ಫೋನಿನಿಂದ ಮನೆಯವರು ಸುದ್ದಿ ಹಾಕುವುದು ಅದಕ್ಕೆ ಮುಂಚೆಯೂ ಎರಡು ಸಲ ಆಗಿತ್ತು.

"ಮನೆಗೆ ಫೋನ್ ಮಾಡಿದ್ರಾ?" ಎಂದೆ.

"ಏನಂತ ಮಾತಾಡ್ಲಿ ಗೌರಮ್ಮನೋರೆ? ಗ್ರೂಪಲ್ಲಿ ಹಾಕಿದ್ದೀನಿ."

'ನನ್ನ ಸೋಮು ಲಿಂಗೈಕ್ಯನಾದ' ಎಂದು ಬರೆದಿದ್ದರಂತೆ. ಮಧ್ಯಾಹ್ನದ ಹೊತ್ತಿಗೆ ಉಳಿದವರೆಲ್ಲ ಕೈಮುಗಿದ ಗುರುತು ಹಾಕಿದರು. ಸಂಜೆ ಸೋಮನಾಥರೇ ಬರೆದರು: 'ನಾನು ಇದ್ದೇನೆ. ಮಠದಲ್ಲಿ ಸನ್ಮಾನವಾಯಿತೆಂದು ಫೋಟೊ ಕಳಿಸಿದೆ.' ಹಾಗೆ ಬರೆದು ಸೋಮನಾಥ್ ಗ್ರೂಪ್ ಬಿಟ್ಟು ಹೋದರು. ಇವರು ಅಂದು ಹತ್ತು ಸಲ, ಮರುದಿನ ಹತ್ತು ಸಲ ಫೋನ್ ಮಾಡಿದರು. ಅವರು ಎತ್ತಲಿಲ್ಲ.

ಮೂರನೇ ದಿನ ನನ್ನ ಬಾಗಿಲಿಗೆ ಬಂದು, "ಗಿರಿನಗರಕ್ಕೆ ನೀವೂ ಬರಬೇಕು" ಎಂದರು. "ಒಬ್ಬನೇ ಹೋದ್ರೆ ಬಾಗಿಲು ಹಾಕ್ತಾನೆ. ಹೆಂಗಸರು ಜೊತೇಲಿದ್ರೆ ಒಳಗೆ ಕರೀಲೇಬೇಕು." ನನ್ನ ಮಂಡಿ ಬೇಡವೆನ್ನುತ್ತಿತ್ತು. ಆದರೂ ಆಟೊ ಹತ್ತಿದೆ.

ಸೋಮನಾಥ್ ಗೇಟಿನಲ್ಲೇ ನಿಂತರು. "ಬಾರಪ್ಪ ಬಾ. ಸತ್ತವನ ಮನೆಗೆ ಬರಿಗೈಲಿ ಬಂದಿದ್ದೀಯಲ್ಲ, ಹಾರ ಎಲ್ಲಿ?"

"ತಪ್ಪಾಯ್ತು ಕಣೋ. ಫೋಟೋಲಿ ನೀನು ಕಣ್ಣು ಮುಚ್ಚಿದ್ದೆ..."

"ಸ್ವಾಮಿಗಳು ಒಂದು ಗಂಟೆ ಆಶೀರ್ವಚನ ಕೊಟ್ರು. ನಿದ್ದೆ ಬಂತು. ನೀನು ಕ್ಲಾಸಲ್ಲಿ ಮಲಗ್ತಿರಲಿಲ್ವೇನೋ?"

ಇವರು ನಕ್ಕರು. ಅವರು ನಗಲಿಲ್ಲ. ನನ್ನನ್ನು ನೋಡಿ "ಬನ್ನಿ ತಾಯಿ" ಎಂದು ಒಳಗೆ ಕರೆದರು. ಅವರ ಹೆಂಡತಿ ಶಾಂತಾದೇವಿ ಕಾಫಿ ತಂದುಕೊಟ್ಟರು. ಅವರು ಲೋಟ ಇಟ್ಟು ಒಳಗೆ ಹೋದ ಮೇಲೆಯೇ ಸೋಮನಾಥ್ ಮಾತೆತ್ತಿದರು.

"ನೀನು ನನ್ನ ಸಾಯಿಸಿದ್ದಕ್ಕೆ ಸಿಟ್ಟಿಲ್ಲ ರೇವಣ್ಣ. ಇವತ್ತಲ್ಲ ನಾಳೆ ಸಾಯೋನೇ. ಇಪ್ಪತ್ತೈದು ಜನ ಕೈಮುಗಿದ್ರು. ಅವಳಿಗೆ ಒಬ್ಬ ಫೋನ್ ಮಾಡಿ, ಹೆಂಗಿದೀಯಮ್ಮ ಅಂದ್ನಾ? ನನ್ನ ಹೆಂಡ್ತಿ ಅವತ್ತು ನಿಜವಾಗ್ಲೂ ಮುಂಡೆಯಾಗಿದ್ರೆ ಒಬ್ಬಳೇ ಕೂತಿರ್ತಿದ್ಲು. ಬೇರೆಯೋರು ಹೋಗ್ಲಿ. ನಮ್ಮ ಮದುವೇಲಿ ಅಕ್ಷತೆ ಹಂಚಿದೋನು ನೀನು."

ಇವರು ಲೋಟ ಮುಟ್ಟಲಿಲ್ಲ. ಕಾಫಿ ಆರಿಹೋಯಿತು. ನನ್ನ ಯಜಮಾನರು ಹೋದ ದಿನ ಬಂದವರನ್ನೂ ಬರದವರನ್ನೂ ನಾನಿನ್ನೂ ಹೆಸರು ಹಿಡಿದು ಹೇಳಬಲ್ಲೆ. ಅದಕ್ಕೇ ನಾನು ಸೋಮನಾಥರಿಗೆ ಸಮಾಧಾನ ಹೇಳಲು ಹೋಗಲಿಲ್ಲ.

ಹೊರಡುವಾಗ "ಫೋನ್ ಮಾಡ್ತೀನಿ, ಎತ್ತೋ" ಎಂದರು ಇವರು.

"ನೋಡೋಣ" ಎಂದರು ಅವರು.

ಮರುದಿನ ಹತ್ತೂವರೆಗೆ ರೇವಣಸಿದ್ದಪ್ಪನವರು ಮತ್ತೆ ಮೆಟ್ಟಿಲ ಮೇಲೆ ಬಂದು ಕೂತರು. ದಿನಕ್ಕೆ ಐದಾಗದೆ ಮೂರಾಯಿತು, ಆಮೇಲೆ ಎರಡಾಯಿತು. ಒಂದು ಮಾತಿಗೆ ಎರಡು ಸಲ ಉಸಿರೆಳೆಯುವರು. "ಬಿಡಿ ಸಾರ್, ಸಾಕು, ನಿಮಗೇ ಆಗ್ತಿಲ್ಲ" ಎಂದರೆ ಕೈ ಆಡಿಸಿ ಸುಮ್ಮನಿರಿಸುವರು. ಯಾರಿಗೆ ಮಾಡಲಿ ಬಿಡಲಿ, ಕೊನೆಯಲ್ಲಿ ಸೋಮನಾಥರಿಗೆ ಒಂದು ಸಲ ಮಾಡುವರು. ಪೂರ್ತಿ ರಿಂಗಾಗಿ ನಿಲ್ಲುವವರೆಗೂ ಕಿವಿಯಿಂದ ತೆಗೆಯುತ್ತಿರಲಿಲ್ಲ. ಕಾರ್ತಿಕ ಕಳೆಯಿತು, ಸಂಕ್ರಾಂತಿ ಕಳೆಯಿತು. ಅವರು ಎತ್ತಲಿಲ್ಲ. ದಿನಾ ಅದನ್ನು ಕೇಳಿ ಕೇಳಿ ನನಗೂ ಸುಸ್ತಾಗಿಹೋಗಿತ್ತು.

ಶಿವರಾತ್ರಿಗೆ ಮುಂಚೆ ರೇವಣಸಿದ್ದಪ್ಪನವರನ್ನು ಜಯನಗರದ ಆಸ್ಪತ್ರೆಗೆ ಸೇರಿಸಿದರು. ಸೋಮವಾರ ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋದೆ. ಎರಡು ಚಮಚ ಕುಡಿದರು. ಜ್ಯೋತ್ಸ್ನಾ ಔಷಧಿ ತರಲು ಕೆಳಗೆ ಹೋಗಿದ್ದಳು. ಅವಳು ಹೋದದ್ದನ್ನು ನೋಡಿಯೇ ನನ್ನನ್ನು ಹತ್ತಿರ ಕರೆದು, ಮೂಗಿನ ಮೇಲಿನ ಮಾಸ್ಕ್ ಸರಿಸಿದರು. ಬುಧವಾರ ಅವರು ತೀರಿಕೊಂಡರು. ಆ ಸೋಮವಾರ ನನಗೆ ಹೇಳಿದ್ದೇ ಕೊನೆಯ ಮಾತಾಯಿತು:

"ನಾನು ಹೋದ ಮೇಲೆ ಗ್ರೂಪಲ್ಲಿ ಹಾಕೋಕೆ ಬಿಡಬೇಡಿ. ಜ್ಯೋತ್ಸ್ನಾ ಅಳ್ತಿರ್ತಾಳೆ, ಅವಳ ಕೈಲಿ ಆಗಲ್ಲ. ಒಬ್ಬೊಬ್ಬರಿಗೂ ನೀವು ಬಾಯಲ್ಲಿ ಹೇಳಿ. ಮೊದಲು ಸೋಮುಗೆ. ನನ್ನ ಫೋನಿಂದ ಮಾಡಬೇಡಿ ಗೌರಮ್ಮನೋರೆ, ಎತ್ತಲ್ಲ ಅವನು. ನಿಮ್ಮದರಿಂದ ಮಾಡಿ."