ಕುರಿ ತೊಳೆದ ದಿನದ ಬಾಳೆಮೀನು

ಬಾಳೆಮೀನು ಹಿಡಿಯಬೇಕೆಂದರೆ ಮೊದಲು ಅದರ ಹೊಟ್ಟೆಯ ಸಮಾಚಾರ ತಿಳಿದಿರಬೇಕು. ಹುರುಪೆಯಿಲ್ಲದ ನುಣುಪು ಮೈ, ಕಣ್ಣಿನಾಚೆಗೂ ಸೀಳಿದ ಬಾಯಿ. ಆ ಬಾಯಿಗೆ ಹಿಟ್ಟಿನ ಉಂಡೆ ಯಾವ ಲೆಕ್ಕ! ಎರೆಹುಳು ಚುಚ್ಚಿಕೊಂಡು ದಿನವೆಲ್ಲ ಕೂರುವವರನ್ನು ಕಂಡರೆ ನನಗೆ ಈಗಲೂ ಮೈಯುರಿಯುತ್ತದೆ. ಅದಕ್ಕೆ ಬೇಕಾದದ್ದು ಜೀವಂತ ಮರಿಮೀನು. ಅದರ ಬೆನ್ನಿನ ತೊಗಲಿಗಷ್ಟೇ ಗಾಳ ದಾಟಿಸಬೇಕು, ಈಜಾಟ ನಿಲ್ಲಬಾರದು. ಹೊತ್ತು ಸಂಜೆಯದಾಗಿರಬೇಕು, ನೀರು ಕಲಕಿರಬೇಕು. ತುಂಗಭದ್ರೆಗೆ ಇನ್ನೂ ಅಣೆಕಟ್ಟು ಕಟ್ಟಿರದ ಆ ಕಾಲದಲ್ಲಿ ನಮ್ಮ ನಾಗಲದಿನ್ನೆಯ ದಂಡೆಯಲ್ಲಿ ಇದನ್ನು ನನ್ನಷ್ಟು ಬಲ್ಲವರು ಇರಲಿಲ್ಲ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಈ ಜಾಣತನ ನನ್ನ ಹೆಂಡತಿಗೆ ಹಿಡಿಸಿರಲಿಲ್ಲ. ಮದುವೆಯಾದ ವರ್ಷವೇ, ಹೊಲದ ಜೋಳ ಹಕ್ಕಿಗಳ ಪಾಲಾಗುತ್ತಿದ್ದರೂ ನಾನು ಗಾಳ ಹಿಡಿದು ಕೂತಿರುತ್ತೇನೆಂದು ಜಗಳವಾಡಿ ಕೋಸಗಿಯ ತವರಿಗೆ ಹೋಗಿಬಿಟ್ಟಳು. ಸುಗ್ಗಿ ಮುಗಿದರೂ ಬರಲಿಲ್ಲ. ಕರೆಯಲು ಹೋಗುವುದಕ್ಕೆ ನನಗೆ ಬಿಗುಮಾನ. ಮನೆಯೊಳಗೆ ಕಾಲಿಟ್ಟರೆ ಮಾತ್ರ ಬಿಕೋ ಎನ್ನುತ್ತಿತ್ತು. ಅವಳಿಲ್ಲದೆ ನನಗೆ ಉಂಡದ್ದು ರುಚಿಸುತ್ತಿರಲಿಲ್ಲ.

ಅಷ್ಟರಲ್ಲಿ ಒಂದು ಮುಂಜಾನೆ ಮಾವನೇ ಬಂದರು. ಉಣ್ಣೆ ಕತ್ತರಿಸುವ ಮೊದಲು ಕುರಿಗಳ ಮೈ ತೊಳೆಯಬೇಕು. ಅವರ ಕಡೆ ಹಳ್ಳಗಳು ಬತ್ತಿದ್ದರಿಂದ ಮಂದೆಯನ್ನು ನಮ್ಮ ಹೊಳೆಗೆ ಹೊಡೆದುಕೊಂಡು ಬಂದಿದ್ದರು. ಜೊತೆಗೆ ಮಗಳೂ ಇದ್ದಳು. ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿನಲ್ಲಿ ನಿಂತು ಕುರಿ ಉಜ್ಜುತ್ತಿದ್ದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ನೇರವಾಗಿ ಮಾವನ ಹತ್ತಿರ ಹೋದೆ. "ಮಾವಾ, ಆಕೀನ ಕಳಿಸಿಕೊಡ್ರಿ," ಎಂದೆ.

"ಮೂರು ಹೊತ್ತೂ ಹೊಳಿ ಕಾಯೋರಿಗೆ ಹೆಣ್ತಿ ಯಾಕ ಬೇಕ್ರಿ ಅಳಿಯಾರ?" ಎಂದು ಮಾವ ನಕ್ಕರು. "ಅಷ್ಟು ಶಾಣ್ಯಾರಿದ್ರ ಇವತ್ತೊಂದು ದೊಡ್ಡ ಚೇಪ, ಅದ ನಿಮ್ಮ ಬಾಳೆಮೀನ, ಹಿಡೀರಿ ನೋಡೋಣು. ಹಿಡಿದ್ರ ಮಗಳನ್ನ ಇಲ್ಲೇ ಬಿಟ್ಟು ಹೋಗ್ತೀನಿ. ಇಲ್ಲಾಂದ್ರ ಆಕಿ ನಮ್ಮ ಜೋಡೀನ ವಾಪಸ್ ಬರ್ತಾಳ."

ದಂಡೆಯಲ್ಲಿದ್ದವರೆಲ್ಲ ಮುಸಿಮುಸಿ ನಕ್ಕರು. ಇಡೀ ಮಂದೆ ಇಳಿದು ನೀರು ರಾಡಿಯಾಗಿತ್ತು, ಕುರಿಗಳ ಅರಚಾಟ ಬೇರೆ. ಅಂಥ ದಿನ ಮೀನು ಸಿಗುವುದಿಲ್ಲವೆಂದು ಊರವರು ಗಾಳವನ್ನೇ ಮುಟ್ಟುತ್ತಿರಲಿಲ್ಲ. ನಾನು ಒಳಗೊಳಗೇ ಕುಣಿದೆ. ಕುರಿಗಳ ಮೈಯಿಂದ ಕಳಚಿದ ಹುಳುಹುಪ್ಪಟೆ ನೀರಿನ ಜೊತೆ ಕೆಳಕ್ಕೆ ಹರಿಯುತ್ತದೆ. ಅದನ್ನು ತಿನ್ನಲು ಮರಿಮೀನು ಮುತ್ತುತ್ತವೆ. ಮರಿಮೀನಿನ ಹಿಂದೆ ಬಾಳೆಮೀನು ಬರದೆ ಎಲ್ಲಿಗೆ ಹೋಗುತ್ತದೆ?

ಕೆಳಗಿನ ಮಡುವಿನ ಹತ್ತಿರ ಪಂಚೆಯಲ್ಲೇ ಮರಿಮೀನು ಸೋಸಿ ಹಿಡಿದೆ. "ಬಿಸಲು ಇರೂವಾಗ್ಲೇ ಹಾಕ್ರಿ," ಎಂದು ಮಾವ ಅವಸರ ಮಾಡಿದರು. ಹೊತ್ತು ಇಳಿಯುವವರೆಗೆ ನಾನು ಗಾಳವನ್ನು ನೀರಿಗೆ ತೋರಿಸಲಿಲ್ಲ. ಆಮೇಲೆ ಹುರಿಗೆ ಜೋಳದ ದಂಟಿನ ಬೆಂಡು ಕಟ್ಟಿ ತೇಲಿಬಿಟ್ಟೆ. ಬೆಂಡು ನಡುಗಿ ಬದಿಗೆ ಸರಿಯಿತು. ಆಗಲೇ ಎಳೆದರೆ ಕೆಲಸ ಕೆಟ್ಟಂತೆ. ಬಾಯಲ್ಲಿ ಹಿಡಿದದ್ದನ್ನು ನುಂಗಲಿ ಎಂದು ಹುರಿ ಸಡಿಲ ಬಿಟ್ಟೆ. ಬೆಂಡು ಪೂರ್ತಿ ಮುಳುಗಿತು, ಎಳೆದೆ. ತೋಳುದ್ದದ ಬಾಳೆಮೀನು ಮರಳ ಮೇಲೆ ಬಿದ್ದು ಒದ್ದಾಡಿತು.

"ಭಲೇ ಅಳಿಯಾರ!" ಸೋತರೂ ಮಾವನಿಗೆ ಖುಷಿಯೋ ಖುಷಿ. "ಮಾತಂದ್ರ ಮಾತು. ಅವ್ವಾ, ನಿನ್ನ ಅರಿವಿ ಗಂಟು ಇವರ ಮನ್ಯಾಗ ಇಡು ಹೋಗು."

ನಾನು ಮೀನನ್ನು ಎತ್ತಿ ಹಿಡಿದು, ಎದೆಯುಬ್ಬಿಸಿ ಹೆಂಡತಿಯ ಕಡೆ ನೋಡಿದೆ. ಒದ್ದೆ ಸೆರಗು ಹಿಂಡುತ್ತ ನಿಂತಿದ್ದವಳು ಕದಲಲಿಲ್ಲ.

"ನಾನೇನು ನೀವಿಬ್ರೂ ಪಣಕ್ಕಿಟ್ಟ ಟಗರೇನು?" ಎಂದಳು. "ನಮ್ಮಪ್ಪನ್ನ ಕೇಳಿದ್ರಿ, ಮೀನ ಹಿಡಿದ್ರಿ. ನನ್ನ ಕೇಳಿದ್ರ್ಯಾ?"

ಎಲ್ಲರ ಎದುರಿಗೇ, ಮೀನನ್ನು ಕೆಳಗಿಟ್ಟು ಕೇಳಿದೆ.

"ಮನಿಗೆ ಬರ್ತೀಯೇನು?"

ಅವಳು ಬಗ್ಗಿ ಬಟ್ಟೆಯ ಗಂಟನ್ನು ಎತ್ತಿಕೊಂಡಳು.

"ಇದನ್ನ ಮುಂಜಾನೆ ಕೇಳಿದ್ರ ಮುಂಜಾನೇನ ಬರ್ತಿದ್ದೆ. ಮತ್ಯಾಕ ಕುರಿ ಹಿಂದ ಇಷ್ಟು ದೂರ ನಡಕೊಂತ ಬಂದೆ ಅಂತ ತಿಳಿದೀರಿ?"