ನಿನ್ನೆ ಏನು ಮಾಡಿದಿರಿ ಎಂದು ಕೇಳಿದವರು

ನೆನೆಹಾಕಿದ್ದ ಅವರೆಕಾಳನ್ನು ಹಿತುಕುತ್ತ ಅಡುಗೆಮನೆಯ ಹೊಸಿಲ ಬಳಿ ಕೂತಿದ್ದಾಗ ಅಂಗಡಿಯಿಂದ ನಮ್ಮ ಯಜಮಾನರ ಫೋನು ಬಂತು. ಬೆರಳೆಲ್ಲ ಲೋಳೆ. ಕಿರುಬೆರಳೊಂದನ್ನು ಸೆರಗಿಗೆ ಒರೆಸಿ ಸ್ಪೀಕರ್ ಒತ್ತಿದೆ.

"ನರಸೀಪುರದೋರು ಒಪ್ಕಂಡವ್ರಂತೆ ಕಣೇ," ಅಂದರು.

"ಯಾಕಂತೆ?" ಅಂದೆ.

"ಯಾಕೆ ಅಂದ್ರೆ? ಹುಡುಗನ ಸೋದರತ್ತೆ ಹೂಂ ಅಂದ್ರಂತೆ. ನಿನ್ನ ಇಂಗ್ಲಿಷ್ ಕ್ಲಾಸಿಗೆ ಬತ್ತಾರಲ್ಲ, ಅವ್ರೇಯ."

ಮಗಳಿಗೆ ಗಂಡು ಗೊತ್ತಾಯಿತು ಎಂದರೆ ಬೇರೆ ತಾಯಂದಿರು ತುಪ್ಪದ ದೀಪ ಹಚ್ಚುತ್ತಾರೆ. ನಾನು ಯಾಕೆ ಎಂದು ಕೇಳಿದ್ದಕ್ಕೆ ಕಾರಣವಿದೆ. ಹಿಂದೊಮ್ಮೆ ಒಪ್ಪಿದವರು, ನಿಶ್ಚಿತಾರ್ಥವನ್ನೂ ಮಾಡಿಕೊಂಡವರು, ಛತ್ರ ಗೊತ್ತುಮಾಡುವ ಹೊತ್ತಿಗೆ ಬೇಡ ಅಂದಿದ್ದರು. ಯಾರೋ ಏನೋ ಹೇಳಿದ್ದಾರೆ ಎನ್ನುವುದಷ್ಟೇ ನಮ್ಮ ಕಿವಿಗೆ ಬಿದ್ದದ್ದು. ಅಂದಿನಿಂದ ಬೀದಿಯಲ್ಲಿ ಯಾರು ನಕ್ಕು ಮಾತನಾಡಿಸಿದರೂ, ಇವರೇ ಇರಬಹುದೇ ಎಂದು ಅವರ ಬಾಯನ್ನೇ ನೋಡುವ ಹಾಗಾಗಿತ್ತು. ಮಗಳು ಅತ್ತು ಮಲಗಲಿಲ್ಲ, ಮಾರನೆಯ ದಿನವೇ ಮೆಡಿಕಲ್ ಸ್ಟೋರಿನ ಕೆಲಸಕ್ಕೆ ಹೋದಳು. ದೇವರು ನಂಜುಂಡಪ್ಪ ಅಷ್ಟು ದಯೆ ತೋರಿಸಿದ. ಆದರೆ ಎರಡನೆಯ ಸಲವೂ ಹಾಗೇ ಆದರೆ ಅವಳು ಇನ್ನೊಬ್ಬರ ಮುಂದೆ ಕಾಫಿ ತಟ್ಟೆ ಹಿಡಿದು ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳೇ ಹೇಳಿದ್ದಳು.

ನರಸೀಪುರದವರು ಬಂದು, ಹುಡುಗಿಯನ್ನು ನೋಡಿ, ಉಪ್ಪಿಟ್ಟು ಕೇಸರಿಬಾತು ತಿಂದು, ತಿಳಿಸುತ್ತೇವೆ ಎಂದು ಹೋಗಿದ್ದರು. ನಮ್ಮ ಕಡೆ ತಿಳಿಸುತ್ತೇವೆ ಎಂದರೆ ವಿಚಾರಿಸುತ್ತೇವೆ ಎಂದೇ ಅರ್ಥ. ಎದುರುಮನೆಯವರನ್ನು, ಹಾಲಿನವನನ್ನು, ಹೂವಿನವಳನ್ನು ಯಾರಾದರೂ ಬಂದು ಕೇಳಿ ಹೋಗುತ್ತಾರೆ. ಹೆಣ್ಣಿನವರು ಕಂಡೂ ಕಾಣದ ಹಾಗೆ ಇರಬೇಕು. ನಾವೇನು ಕಡಿಮೆಯಿಲ್ಲ. ನನ್ನ ತಮ್ಮ ನರಸೀಪುರದ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಕೂತು, ಟೀ ಮೇಲೆ ಟೀ ಕುಡಿದು, ಹುಡುಗನ ವಿಷಯ ಕೇಳಿಕೊಂಡು ಬಂದಿದ್ದ.

ಆ ದಿನಗಳಲ್ಲೇ ನಾನು ಇಂಗ್ಲಿಷ್ ಕಲಿಯುತ್ತಿದ್ದೆ. ನಮ್ಮ ಬೀದಿಯ ರಿಟೈರಾದ ಟೀಚರೊಬ್ಬರು ತಮ್ಮ ಮನೆಯ ಮಹಡಿಯಲ್ಲಿ ಮಧ್ಯಾಹ್ನ ಹೆಂಗಸರಿಗೆ ಹೇಳಿಕೊಡುತ್ತಿದ್ದರು. ಮಗಳು ಬಲವಂತ ಮಾಡಿ ಸೇರಿಸಿದ್ದಳು. ಅಲ್ಲಿಯ ಕ್ರಮ ಇದು: ಇಬ್ಬಿಬ್ಬರು ಜೋಡಿಯಾಗಿ ಕೂತು, ನಿನ್ನೆ ಮನೆಯಲ್ಲಿ ನಡೆದದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು. ಆಮೇಲೆ ಎದ್ದು ನಿಂತು ಜೋಡಿಯವರ ಕಥೆಯನ್ನು ಎಲ್ಲರಿಗೂ ಒಪ್ಪಿಸಬೇಕು. ಅವರ 'ಐ ವೆಂಟ್' ನನ್ನ ಬಾಯಲ್ಲಿ 'ಶಿ ವೆಂಟ್' ಆಗುತ್ತದೆ.

ಮೊದಲು ನನಗೆ ಆ ಭಾಷೆಯ ಮೇಲೇ ಅನುಮಾನ ಬಂತು. ನಮ್ಮಲ್ಲಿ ಹೋದೆ, ಹೋದಳು, ಹೋದರು ಎಂದರೆ ಸಾಕು, ಹೋದವರ ಮುಖ ಮಾತಿನ ಬಾಲದಲ್ಲೇ ಕಾಣುತ್ತದೆ. ಅವರ ವೆಂಟ್‌ಗೆ ಮುಖವೇ ಇಲ್ಲ. ಐ ವೆಂಟ್, ಹಿ ವೆಂಟ್, ದೇ ವೆಂಟ್. ಇವತ್ತಿನ ಮಾತಾದರೆ ಶಿ ಬಂದಾಗ ಗೋ ಹೋಗಿ ಗೋಸ್ ಆಗುತ್ತದೆ. ನಿನ್ನೆಯ ಮಾತಿಗೆ ಆ ಗುರುತೂ ಇಲ್ಲ. ವಾಸ್, ವರ್ ಎರಡನ್ನು ಬಿಟ್ಟರೆ ಅತ್ತೆಗೂ ಸೊಸೆಗೂ ಕಳ್ಳನಿಗೂ ಒಂದೇ ಕ್ರಿಯಾಪದ. ಮುಂದೆ ನಿಂತ ಆ ಚೋಟುದ್ದದ ಪದವನ್ನು ನಂಬಿ ಉಳಿದದ್ದನ್ನು ಕೇಳಬೇಕು.

ಇನ್ನೊಂದು ಕಷ್ಟ ಯಜಮಾನರದು. ಗಂಡನನ್ನು 'ಹಿ' ಎನ್ನಬೇಕಂತೆ. ಅವನು ಬಂದ, ಅವನು ತಿಂದ ಎಂದಷ್ಟೇ ನಮ್ಮ ಕಿವಿಗೆ ಕೇಳುತ್ತದೆ. ಕ್ಲಾಸಿನ ಹೆಂಗಸರೆಲ್ಲ ಗಂಡಂದಿರಿಗೆ 'ದೇ ಕೇಮ್, ದೇ ಏಟ್' ಎಂದೇ ಹೇಳುತ್ತಿದ್ದೆವು. ಮೇಡಂ ತಿದ್ದಿ ತಿದ್ದಿ, "ಇರಲಿ ಬಿಡಿ, ನಿಮ್ಮ ಮನೆಗೆ ಗುಂಪೇ ಊಟಕ್ಕೆ ಬರಲಿ," ಎಂದು ಕೈಬಿಟ್ಟರು.

ಈ ಹೊತ್ತಿಗೆ ಆ ನರಸೀಪುರದ ಹೆಂಗಸು ಬಂದು ಸೇರಿದ್ದು. ನಂಜನಗೂಡಿನಲ್ಲಿ ಅಕ್ಕನ ಮನೆಗೆ ಬಂದಿದ್ದೇನೆ, ಹೊತ್ತು ಹೋಗುವುದಿಲ್ಲ ಅಂದರು. ನೇರ ಬಂದು ನನ್ನ ಪಕ್ಕದಲ್ಲೇ ಕೂತರು. ಜಾಗ ಬೇರೆಡೆಯೂ ಇತ್ತು. ಮೊದಲ ದಿನವೇ ಗಂಡನನ್ನು 'ಹಿ ಕೇಮ್, ಹಿ ಏಟ್, ಹಿ ಸ್ಲೆಪ್ಟ್' ಎಂದು ನೀರು ಕುಡಿದಷ್ಟು ಸಲೀಸಾಗಿ ಹೇಳಿಬಿಟ್ಟರು. ಇಷ್ಟು ಬರುವವರಿಗೆ ಕ್ಲಾಸು ಯಾಕೆ? ಇವರು ನಮ್ಮನ್ನು ವಿಚಾರಿಸಲು ಬಂದವರು ಎಂದು ನನಗೆ ಅಲ್ಲೇ ಹೊಳೆಯಿತು.

ಅವರ ಪ್ರಶ್ನೆಗಳೆಲ್ಲ ಮಗಳ ಮೇಲೆಯೇ. ನಿನ್ನೆ ಅವಳು ಎಷ್ಟು ಹೊತ್ತಿಗೆ ಬಂದಳು, ಏನು ಅಡುಗೆ ಮಾಡಿದಳು, ಮನೆಗೆ ಯಾರು ಬಂದಿದ್ದರು. ನಾನೂ ಒಂದು ಉಪಾಯ ಹಿಡಿದೆ. ನಮ್ಮ ಮನೆಯವರೆಲ್ಲ ದೇವಸ್ಥಾನಕ್ಕೆ ಹೋದರು. ಐ ವೆಂಟ್ ಟು ಟೆಂಪಲ್. ಶಿ ವೆಂಟ್ ಟು ಟೆಂಪಲ್. ದೇ ವೆಂಟ್ ಟು ಟೆಂಪಲ್. ಮಾರನೆಯ ದಿನವೂ ಅದೇ. ಕೊನೆಗೆ ಆಕೆ ಕನ್ನಡಕ್ಕೆ ಇಳಿದು, "ಅಲ್ಲ ಕಣ್ರೀ, ನಿಮ್ಮನೇಲಿ ಒಲೆ ಹಚ್ಚೋರು ಯಾರು?" ಅಂದರು. ಕ್ಲಾಸೇ ನಕ್ಕಿತು. ನಾನು ಪ್ರಸಾದ ತಿಂದೆವು ಅಂದೆ.

ಯಜಮಾನರಿಗೆ ಹೇಳಿದರೆ, ನಿನಗೆ ಗೋಡೆಗೂ ಕಿವಿ ಕಾಣುತ್ತೆ ಅಂದರು. ಅವರ ಆ ಮಾತು ಜ್ಞಾಪಕಕ್ಕೆ ಬಂದೇ ಈಗ ಫೋನಿನಲ್ಲಿ, "ನಾನು ಹೇಳಿರಲಿಲ್ವಾ?" ಅಂದೆ. ಅಂಗಡಿಗೆ ಗಿರಾಕಿ ಬಂದರು ಎಂದು ಅವರು ಇಟ್ಟುಬಿಟ್ಟರು.

ಮಗಳು ಊಟಕ್ಕೆ ಬಂದಾಗ ವಿಷಯ ಹೇಳಿದೆ. ಅವಳ ಮುಖ ಒಂದು ಚೂರು ಕೆಂಪಾಯಿತು, ಅಷ್ಟೆ. ಆ ಹೆಂಗಸು ಸೋದರತ್ತೆಯಂತೆ, ಬೇಹಿಗೆ ಬಂದಿದ್ದರಂತೆ, ಸದ್ಯ, ನಾನು ಬಾಯಿ ಬಿಡಲಿಲ್ಲ ಅಂದೆ.

"ಗೊತ್ತಿತ್ತು ಕಣಮ್ಮ. ಅಂಗಡಿಗೂ ಬಂದಿದ್ರು, ಬಿಪಿ ಮಾತ್ರೆಗೆ," ಅಂದಳು.

"ಏನು ಕೇಳಿದ್ರು?"

"ಅವರೇನೂ ಕೇಳ್ಲಿಲ್ಲ. ನಾನೇ ಹೇಳ್ದೆ. ನಿಶ್ಚಿತಾರ್ಥ ಆಗಿ ಮುರೀತು, ಕಾರಣ ಅವ್ರು ಹೇಳ್ಲಿಲ್ಲ ಅಂದೆ."

ಯಾರಾದರೂ ಹೇಳಿಬಿಟ್ಟಾರು ಎಂದು ಊರವರೆಲ್ಲರ ಬಾಯಿ ಕಾಯುತ್ತಿದ್ದರೆ, ಹೇಳಿದವಳು ನನ್ನ ಮನೆಯಲ್ಲೇ ಇದ್ದಳು. ಯಾಕೆ ಹೇಳಿದೆ ಎಂದು ಕೇಳಿದೆ.

"ಇನ್ಯಾರೋ ಉಪ್ಪು ಖಾರ ಹಾಕಿ ಹೇಳೋದಕ್ಕಿಂತ ನಾನು ಹೇಳೋದು ವಾಸಿ ಅಲ್ವಾ? ಕೇಳಿ ಬೇಡ ಅನ್ನೋರಾದ್ರೆ ಈಗ್ಲೇ ಅನ್ಲಿ ಅಂತ."

ಬೇಡ ಅನ್ನಲಿಲ್ಲ. ಅದು ದೊಡ್ಡ ದಯೆಯೇ, ಒಪ್ಪುತ್ತೇನೆ. ಆದರೂ ಮನಸ್ಸು ಕೇಳಬೇಕಲ್ಲ. ಮುರಿದ ಸಂಬಂಧ ಎಂದು ತಿಳಿದೂ ಇಷ್ಟು ಸಲೀಸಾಗಿ ಒಪ್ಪಿದರೆಂದರೆ ಅವರ ಕಡೆ ಮುಚ್ಚಿಟ್ಟದ್ದು ಏನಾದರೂ ಇದೆಯೋ? ತಮ್ಮನನ್ನು ಇನ್ನೊಮ್ಮೆ ನರಸೀಪುರಕ್ಕೆ ಕಳಿಸೋಣ ಅಂದೆ.

"ಮಾವನ್ನ ಯಾಕೆ ಟೀ ಕುಡಿಯಕ್ಕೆ ಕಳಿಸ್ತೀಯ? ಇವತ್ತು ಕ್ಲಾಸಿದ್ಯಲ್ಲ, ಪಕ್ಕದಲ್ಲೇ ಕೂತಿರ್ತಾರೆ. ನೀನೇ ಕೇಳು."

ಕೇಳುವುದೆಂದು ಆಗಲೇ ನಿಶ್ಚಯವಾಗಿತ್ತು, ಅದೂ ಕನ್ನಡದಲ್ಲಿ, ಯಾರು ಏನು ಮಾಡಿದರು ಎಂದು ಮುಖ ಕಾಣುವ ಹಾಗೆ. ಹುಡುಗನಿಗೆ ಹಿಂದೆ ಎಲ್ಲಾದರೂ ಹೆಣ್ಣು ನೋಡಿದ್ದಿರಾ? ಯಾಕೆ ಬಿಟ್ಟಿರಿ? ಒಪ್ಪುವಂಥ ಉತ್ತರ ಬಂದರೆ ಹೋಗುವಾಗ ಅವರ ಕೈಗೆ ಒಂದು ಚಿಪ್ಪು ರಸಬಾಳೆ ಕೊಡುವುದು. ಬಾರದಿದ್ದರೆ ಇವತ್ತೇ ಯಜಮಾನರಿಗೆ ಹೇಳುವುದು.

ಹಿತುಕಿದ ಬೇಳೆ ಅರ್ಧ ಪಾತ್ರೆ ಆಗಿತ್ತು. ಮಗಳು ತಟ್ಟೆ ಹಾಕಿಕೊಂಡು ಕಾಯುತ್ತಿದ್ದಳು. ಸಿಪ್ಪೆಯನ್ನು ಹಸುವಿಗೆಂದು ಬಕೆಟ್ಟಿಗೆ ಸುರಿದು, ಒಲೆಯ ಮೇಲೆ ಬಾಣಲೆ ಇಟ್ಟು, ಒಗ್ಗರಣೆಗೆ ಎಣ್ಣೆ ಬಿಟ್ಟೆ.