ರಾಣಿಗೆ ಒಂಬತ್ತು ಏಟು

ನನಗೆ ಚೆಸ್ ಕಲಿಸಿದ್ದು ಅಪ್ಪ. ಕಲಿಸಿದರು ಅನ್ನುವುದಕ್ಕಿಂತ ಹೊಡೆದರು ಅನ್ನಬೇಕು. ಮಡಿವಾಳದಲ್ಲಿ ಅವರದು ಟೈಲರ್ ಅಂಗಡಿ. ಮೊಬೈಲಿನಲ್ಲಿ ಚೆಸ್ ವಿಡಿಯೋ ಹಾಕಿಕೊಂಡೇ ಬಟ್ಟೆ ಹೊಲಿಯುವಷ್ಟು ಹುಚ್ಚು. ಅಂಗಡಿಯ ಹಳೇ ಮರದ ಸ್ಕೇಲು ಭಾನುವಾರಗಳಂದು ನಮ್ಮ ಬನಶಂಕರಿಯ ಮನೆಯಲ್ಲಿ, ಚೆಸ್ ಬೋರ್ಡಿನ ಪಕ್ಕದಲ್ಲಿರುತ್ತಿತ್ತು. ಕಾಯಿಯನ್ನು ಸುಮ್ಮನೆ ಕಳೆದುಕೊಂಡರೆ ಅಂಗೈಗೆ ಏಟು. ಸೈನಿಕನಿಗೆ ಒಂದು, ಕುದುರೆಗೂ ಒಂಟೆಗೂ ಮೂರು, ಆನೆಗೆ ಐದು, ರಾಣಿಗೆ ಒಂಬತ್ತು. ಆಟ ಅಲ್ಲೇ ನಿಲ್ಲಿಸಿ, ಹೊಡೆದು, ಆಮೇಲೆ ಮುಂದುವರಿಸುವುದು. ಅಮ್ಮ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿಬಿಡುತ್ತಿದ್ದಳು.

ನನಗೆ ಹದಿನಾರಾಗಿದ್ದಾಗ, ತಂಗಿಗೆ ಏಳು ತುಂಬಿದ ವಾರ, ಅಪ್ಪ ಊಟಕ್ಕೆ ಕೂತವರು ಹೇಳಿದರು, "ಚಿಕ್ಕವಳಿಗೂ ಶುರು ಮಾಡ್ತೀನಿ ಇನ್ನು."

ನನ್ನ ಪಿತ್ತ ನೆತ್ತಿಗೇರಿತು. ಇಂಜೆಕ್ಷನ್ ಅಂದರೆ ಮಂಚದ ಕೆಳಗೆ ಸೇರುವ ಹುಡುಗಿ ಅವಳು.

"ಭಾನುವಾರ ನಾನ್ ಗೆದ್ರೆ ಅವಳನ್ನ ಮುಟ್ಟಬಾರ್ದು," ಅಂದೆ.

ಅಪ್ಪ ನಕ್ಕರು. "ನೀನಾ? ಗೆಲ್ಲು ನೋಡೋಣ. ಗೆದ್ರೆ ಮುಟ್ಟಲ್ಲ."

ಒಂಬತ್ತು ವರ್ಷದಲ್ಲಿ ಒಂದು ಸಲವೂ ಗೆದ್ದವಳಲ್ಲ ನಾನು. ಗೆಲ್ಲುವುದಾದರೂ ಹೇಗೆ? ಏಟಿನ ಹೆದರಿಕೆಗೆ ಕಾಯಿಗಳನ್ನೆಲ್ಲ ಕಾಪಾಡಿಕೊಂಡು ಹಿಂದೆಯೇ ಕೂತಿರುತ್ತಿದ್ದೆ. ಆ ಭಾನುವಾರ ಮಾತ್ರ, ಹಾಳಾಗಿ ಹೋಗಲಿ ಅಂತ ಎಲ್ಲವನ್ನೂ ಮುಂದಕ್ಕೆ ನುಗ್ಗಿಸಿದೆ.

ಅಪ್ಪನ ರಾಜನಿಗೆ ಒಂದು ಕುದುರೆ ಕಾವಲಿತ್ತು. ಅದನ್ನು ಅಲ್ಲಿಂದ ಎಬ್ಬಿಸಬೇಕಿತ್ತು. ನನ್ನ ಆನೆಯನ್ನು ಅದರ ಬಾಯಿಗೇ ಇಟ್ಟೆ.

"ಕಣ್ ಕಾಣಲ್ವಾ?" ಅಪ್ಪ ಕುದುರೆಯಿಂದ ಆನೆಯನ್ನು ಹೊಡೆದು ಪಕ್ಕಕ್ಕೆಸೆದರು. "ಕೈ ಚಾಚು."

ಐದು. ಸ್ಕೇಲಿನ ಅಂಚು ತಗುಲಿ ಹೆಬ್ಬೆರಳ ಬುಡದಲ್ಲಿ ರಕ್ತ ಬಂತು. ಒಳಗೆ ಮಿಕ್ಸಿ ಗುರ್ರೆನ್ನುತ್ತಿತ್ತು. ನಾನು ಕುದುರೆಯಿಂದ ಚೆಕ್ ಕೊಟ್ಟೆ. ರಾಜ ಮೂಲೆಗೆ ಸರಿದ. ಇನ್ನೊಂದು ಚೆಕ್ಕಿಗೆ ರಾಣಿಯನ್ನೇ ತಂದು, ನನ್ನ ಕುದುರೆಯ ಕಾವಲಿನಲ್ಲಿ ಅವನ ಮೈಗೆ ಒತ್ತಿಟ್ಟೆ. ಆನೆಯಿಂದ ಅವಳನ್ನು ಹೊಡೆಯದೆ ಅಪ್ಪನಿಗೆ ಬೇರೆ ದಾರಿಯಿರಲಿಲ್ಲ. ಹೊಡೆದರು. ಹೊಡೆದವರು ಬೋರ್ಡು ನೋಡಲಿಲ್ಲ, ಸೀದಾ ಸ್ಕೇಲಿಗೆ ಕೈ ಹಾಕಿದರು. ಯಾರಾದರೂ ಬೇಕಂತಲೇ ಏಟು ತಿಂದಾರು ಅನ್ನುವುದು ಅವರ ತಲೆಗೇ ಬಂದಿರಲಿಲ್ಲ.

"ರಾಣೀನೇ ಕೊಟ್ಯಲ್ಲೇ, ಕತ್ತೆ!"

ಹಲ್ಲು ಕಚ್ಚಿಕೊಂಡು ಒಂಬತ್ತನ್ನೂ ಎಣಿಸಿದೆ. ಬಲಗೈ ಊದಿ, ಬೆರಳು ಮಡಚಲಾಗಲಿಲ್ಲ. ಎಡಗೈಯಲ್ಲಿ ಕುದುರೆಯನ್ನು ಎತ್ತಿಟ್ಟೆ.

"ಚೆಕ್‌ಮೇಟ್."

ರಾಜನ ಸುತ್ತ ಅಪ್ಪನದೇ ಕಾಯಿಗಳು, ಅಲುಗಾಡಲು ಜಾಗವಿಲ್ಲ. ಅಪ್ಪ ಬೋರ್ಡನ್ನು ಮತ್ತೆ ಮತ್ತೆ ನೋಡಿದರು. "ಸರಿ. ಅವಳನ್ನ ಮುಟ್ಟಲ್ಲ," ಅಂದರು. ಕೊಟ್ಟ ಮಾತಿಗೆ ತಪ್ಪುವವರಲ್ಲ ಅವರು, ಅದು ನನಗೆ ಗೊತ್ತಿತ್ತು.

ಅಷ್ಟು ಸಾಕಾಗಬೇಕಿತ್ತು. ಸಾಲಲಿಲ್ಲ. ಎಡಗೈಯಲ್ಲೇ ಸ್ಕೇಲು ಕಿತ್ತುಕೊಂಡೆ.

"ರಾಜಂಗೆಷ್ಟು, ಹೇಳಪ್ಪಾ?"

ಅಪ್ಪ ಕೈ ಚಾಚಿದರು. ಹೊಡೆದೆ. ಅಂಗೈಗೆ, ಮೊಣಕೈಗೆ, ಭುಜಕ್ಕೆ, ಎಲ್ಲಿ ಸಿಕ್ಕಿತೋ ಅಲ್ಲಿಗೆ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ? ಸ್ಕೇಲು ಮುರಿದು ಎರಡಾದಾಗಲೇ ನಿಲ್ಲಿಸಿದ್ದು. ತಂಗಿ ಬಾಗಿಲಲ್ಲಿ ನಿಂತು ಕಿರುಚುತ್ತಿದ್ದಾಳೆ ಅನ್ನುವುದು ಆಗ ಕೇಳಿಸಿತು.

"ಮುಗೀತು ಬಾರೇ. ನಿನ್ನ ಇನ್ಯಾರೂ ಹೊಡಿಯಲ್ಲ," ಅಂತ ಕೈ ನೀಡಿದೆ.

ಅವಳು ನನ್ನನ್ನು ದಾಟಿ ಓಡಿ, ಅಪ್ಪನ ಬೆನ್ನ ಹಿಂದೆ ಅಡಗಿ, ಅವರ ಅಂಗಿ ಹಿಡಿದುಕೊಂಡಳು.

"ಅಕ್ಕಂಗೆ ಹೇಳಪ್ಪಾ, ನಂಗೆ ಹೊಡೀಬೇಡ ಅಂತ."